ಹಣ ಬಂತು, ಮನೆಗೆ ಬರಲಿಲ್ಲ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕುರ್ಚಿ ಸವೆಸಿದವನ ಜಗಲಿಗೆ ನಿವೃತ್ತಿಯ ನಂತರವೂ ಗಿರಾಕಿಗಳು ತಪ್ಪುವುದಿಲ್ಲ. ಹಿಂದೊಂದು ಮಳೆಗಾಲದಲ್ಲಿ ಹಾಗೆ ಬಂದವರು ನಮ್ಮ ಕೇರಿಯ ಒಬ್ಬ ತಾಯಿ. ಜೊತೆಗೆ ಪದವಿ ಕಾಲೇಜಿನ ಎರಡನೇ ವರ್ಷದಲ್ಲಿದ್ದ ಮಗಳು. ಕೊಡೆಯನ್ನು ಮೂಲೆಗಿಟ್ಟು, ಪ್ಲಾಸ್ಟಿಕ್ ಚೀಲದಿಂದ ಪಾಸ್‌ಬುಕ್ ತೆಗೆದು ನನ್ನ ಮುಂದೆ ಹಿಡಿದರು.

"ಹ್ವಾಯ್, ವಿದ್ಯಾರ್ಥಿವೇತನ ಬಂತ್ ಅಂದೇಳಿ ಕಂಪ್ಯೂಟ್ರಗೆ ಇತ್ತ್. ಪಾಸ್‌ಬುಕ್ಕಗೆ ಇಲ್ಲ. ಹಂಗಾರೆ ಆ ದುಡ್ಡ್ ಎಲ್ಲಿಗ್ ಹೋಯ್ತ್?"

ಪ್ರಶ್ನೆ ಸರಳ. ಆದರೆ ಅದರ ಹಿಂದೆ ನಾಲ್ಕು ತಿಂಗಳ ಸಂಕಟವಿತ್ತು. ಕಾಲೇಜಿನ ಶುಲ್ಕ ಕಟ್ಟಲು ಕೈಬಳೆ ಅಡವಿಟ್ಟಾಗಿತ್ತು. ಬಡ್ಡಿ ಓಡುತ್ತಿತ್ತು. ಕಾಲೇಜಿನಲ್ಲಿ ಕೇಳಿದರೆ "ಮಂಜೂರಾಗಿದೆ" ಎಂಬ ಉತ್ತರ. ಬ್ಯಾಂಕಿನಲ್ಲಿ ಕೇಳಿದರೆ "ನಮಗೆ ಬಂದಿಲ್ಲ" ಎಂಬ ಉತ್ತರ. ಎರಡೂ ನಿಜವೇ!

ಅರ್ಧ ಗಂಟೆ ಮಾತನಾಡಿದ ಮೇಲೆ ಹುಡುಗಿಗೆ ಒಂದು ಸಂಗತಿ ನೆನಪಾಯಿತು. ವರ್ಷದ ಹಿಂದೆ ರಜೆಯಲ್ಲಿ ಕೆಲಸಕ್ಕೆ ಹೋದ ಕಡೆ ಸಂಬಳಕ್ಕೆಂದು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆಸಿದ್ದರು. ಆಧಾರ್ ಕೊಟ್ಟು, ಅರ್ಜಿಯಲ್ಲಿ ತೋರಿಸಿದಲ್ಲೆಲ್ಲ ಗುರುತು ಹಾಕಿ ಸಹಿ ಮಾಡಿದ್ದಳು. ಎರಡು ತಿಂಗಳ ನಂತರ ಕೆಲಸವೂ ಬಿಟ್ಟಿತು, ಖಾತೆಯೂ ಮರೆತುಹೋಯಿತು. ವಿದ್ಯಾರ್ಥಿವೇತನ ಆ ಮರೆತ ಖಾತೆಯಲ್ಲಿ ತಣ್ಣಗೆ ಕುಳಿತಿತ್ತು.

ಯಾರ ತಪ್ಪು ಎಂದು ಹುಡುಕಲು ಹೊರಟರೆ ಯಾರೂ ಸಿಕ್ಕುವುದಿಲ್ಲ. ಇಲಾಖೆ ಹಣ ಕಳುಹಿಸಿದೆ, ಬ್ಯಾಂಕು ನಿಯಮದಂತೆ ಜಮೆ ಮಾಡಿದೆ. ಆಗಿದ್ದಿಷ್ಟೇ: ಹಣ ಹೋಗುವ ದಾರಿ ಬದಲಾಗಿತ್ತು. ಬದಲಾಗುವ ಮೊದಲು "ಈ ದಾರಿಯಲ್ಲಿ ಯಾರೆಲ್ಲ ನಡೆಯುತ್ತಿದ್ದಾರೆ" ಎಂದು ಯಾರೂ ಕೇಳಿರಲಿಲ್ಲ. ಈ ವಾರದ ಮಾತು ಆ ಒಂದು ಪ್ರಶ್ನೆಯ ಕುರಿತು. ಕಂಪ್ಯೂಟರ್ ಕಲಿಯುತ್ತಿರುವ ಮಕ್ಕಳಿಗೆ ಇದು ನಾಳೆಯ ಕಸುಬು; ತಂದೆತಾಯಿಯರಿಗೆ ಇಂದಿನ ಪಾಸ್‌ಬುಕ್ಕು.

ದಾರಿ ತೋರಿಸುವ ನಿಯಮಗಳು

ನಮ್ಮ ಕಡೆ ಗದ್ದೆಗೆ ನೀರು ತಿರುಗಿಸುವವನು ಕಟ್ಟ ಕಡಿಯುವ ಮೊದಲು ಕೆಳಗಿನ ಗದ್ದೆಯಲ್ಲಿ ನೇಜಿ ಇದೆಯೋ ಎಂದು ನೋಡುತ್ತಾನೆ. ನೀರಿಗೆ ಕಣ್ಣಿಲ್ಲ, ಇಳಿಜಾರು ತೋರಿಸಿದತ್ತ ಹೋಗುತ್ತದೆ. ಕಂಪ್ಯೂಟರಿನಲ್ಲಿ ಮಾಹಿತಿಯೂ ಹಾಗೆಯೇ ಹರಿಯುತ್ತದೆ. ಒಂದು ಕಡೆ ಅರ್ಜಿ, ಹಣ, ಸಂದೇಶ ಒಳಬರುತ್ತವೆ. ನಡುವೆ ಹಲವು ಹಂತ ದಾಟುತ್ತವೆ. ಇನ್ನೊಂದು ಕಡೆ ಬೇರೆ ಬೇರೆ ಬಾಯಿಗಳಲ್ಲಿ ಹೊರಬರುತ್ತವೆ. ಇದನ್ನು ಆ ಕಸುಬಿನವರು ಪೈಪ್‌ಲೈನ್ ಎನ್ನುತ್ತಾರೆ. "ಇಂಥದ್ದು ಬಂದರೆ ಇತ್ತ, ಅಂಥದ್ದು ಬಂದರೆ ಅತ್ತ" ಎಂದು ಹೇಳುವ ಸಾಲುಗಳೇ ದಾರಿಯ ನಿಯಮಗಳು.

ಇವು ಕಂಪ್ಯೂಟರಿಗಿಂತ ಹಳೆಯವು. 1972ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಪಿನ್‌ಕೋಡ್ ಜಾರಿಗೆ ಬಂತು. ಅದನ್ನು ರೂಪಿಸಿದವರು ಅಂಚೆ ಇಲಾಖೆಯ ಅಧಿಕಾರಿಯಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಒಂದೇ ಹೆಸರಿನ ಹತ್ತಾರು ಊರುಗಳು, ಹತ್ತಾರು ಲಿಪಿಗಳು ಇರುವ ದೇಶದಲ್ಲಿ ಆರು ಅಂಕಿ ನೋಡಿ ಕಾಗದ ವಿಂಗಡಿಸುವ ವ್ಯವಸ್ಥೆ ಅದು. ಕುಂದಾಪುರಕ್ಕೆ 576201, ಬ್ರಹ್ಮಾವರಕ್ಕೆ 576213, ಬೈಂದೂರಿಗೆ 576214. ಬೊಂಬಾಯಿಯ ಹೋಟೆಲಿನಲ್ಲಿ ದುಡಿಯುವ ಮಗ ಕಳುಹಿಸಿದ ಮನಿಯಾರ್ಡರು ಊರಿನ ಮನೆ ಸೇರುತ್ತಿದ್ದುದು ಇಂಥ ನಿಯಮದ ಬಲದಿಂದ, ಮತ್ತು ಪ್ರತಿ ಮನೆಯ ಮುಖ ಬಲ್ಲ ಅಂಚೆಯಣ್ಣನ ಬಲದಿಂದ. ನಿಯಮ ತಪ್ಪಿದರೆ ಅಂಚೆಯಣ್ಣ ತಿದ್ದುತ್ತಿದ್ದ. ಕಂಪ್ಯೂಟರಿನ ಪೈಪ್‌ಲೈನಿನಲ್ಲಿ ಆ ಅಂಚೆಯಣ್ಣ ಇಲ್ಲ. ಆದ್ದರಿಂದಲೇ ಪರೀಕ್ಷೆ ಮುಂಚಿತವಾಗಿ ಬೇಕು.

ಬ್ಯಾಂಕುಗಳು ಸೇರಿದಾಗ

ಕರಾವಳಿ ಜಿಲ್ಲೆಗಳಿಗೆ ಬ್ಯಾಂಕುಗಳ ತವರು ಎಂಬ ಹೆಸರಿದೆ. ಕೆನರಾ ಬ್ಯಾಂಕು 1906ರಲ್ಲಿ ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಉಡುಪಿಯಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿ, ವಿಜಯಾ ಬ್ಯಾಂಕು 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವು. 1928ರಲ್ಲಿ ಸಿಂಡಿಕೇಟಿನವರು ಆರಂಭಿಸಿದ ಪಿಗ್ಮಿ ಠೇವಣಿಯ ನೆನಪು ಹಿರಿಯರಿಗೆ ಇದ್ದೇ ಇದೆ. ಪಿಗ್ಮಿ ಸಂಗ್ರಹಿಸುವವರು ಮನೆಬಾಗಿಲಿಗೇ ಬರುತ್ತಿದ್ದರು. ಹಣ ಯಾರದು, ಯಾವ ಪುಸ್ತಕಕ್ಕೆ ಎಂಬುದು ಅವರಿಗೆ ಬಾಯಿಪಾಠ.

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಬೋರ್ಡು ಬದಲಾದದ್ದು ಎಲ್ಲರಿಗೂ ಕಂಡಿತು. ಕಾಣದೆ ಬದಲಾದದ್ದು ಐಎಫ್‌ಎಸ್‌ಸಿ ಎಂಬ ಹನ್ನೊಂದು ಅಕ್ಷರದ ಗುರುತು. ಮೊದಲ ನಾಲ್ಕು ಅಕ್ಷರ ಬ್ಯಾಂಕಿನದು, ಐದನೆಯದು ಸೊನ್ನೆ, ಕೊನೆಯ ಆರು ಶಾಖೆಯದು. ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ನೆಫ್ಟ್ ಮೂಲಕ ಹೋಗುವ ಹಣಕ್ಕೆ ಇದೇ ದಾರಿಫಲಕ.

ಸಿಂಡಿಕೇಟಿನ ಗುರುತುಗಳು 'ಎಸ್‌ವೈಎನ್‌ಬಿ' ಎಂದು ಆರಂಭವಾಗುತ್ತಿದ್ದವು. ಕೆನರಾದವು 'ಸಿಎನ್‌ಆರ್‌ಬಿ' ಎಂದು. ಮೊದಲ ನಾಲ್ಕು ಅಕ್ಷರ ತಿದ್ದಿಬಿಟ್ಟರೆ ಕೆಲಸ ಮುಗಿಯಿತಲ್ಲ ಎಂದು ಅವಸರದವನಿಗೆ ಅನ್ನಿಸೀತು. ಆದರೆ ಕೆನರಾ ಬ್ಯಾಂಕಿಗೂ ತನ್ನದೇ ಶಾಖಾ ಸಂಖ್ಯೆಗಳಿವೆ. ಬರೀ ಅಕ್ಷರ ಬದಲಿಸಿದರೆ ಎರಡು ಶಾಖೆಗಳಿಗೆ ಒಂದೇ ಗುರುತು ಬೀಳುವ ಅಪಾಯವುಂಟು. ಜಾರಿಗೆ ಬಂದ ನಿಯಮ ಬೇರೆ: ಅಕ್ಷರ ಬದಲಿಸಿ, ಸಂಖ್ಯೆಗೆ 10000 ಕೂಡಿಸುವುದು. 003687 ಇದ್ದದ್ದು 013687 ಆಯಿತು. ಲೆಕ್ಕ ಸಣ್ಣದು, ಆದರೆ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದವನಿಗೆ ಮಾತ್ರ ಹೊಳೆಯುವಂಥದ್ದು.

ಇನ್ನೊಂದು ವಿಷಯ ಗಮನಿಸಿ. ವಿಲೀನ 2020ರ ಏಪ್ರಿಲ್‌ನಲ್ಲಿ ಆದರೂ ಹಳೆಯ ಸಿಂಡಿಕೇಟ್ ಗುರುತುಗಳು ನಿಂತದ್ದು 2021ರ ಜುಲೈ 1ರಿಂದ. ಎಂದರೆ ಹದಿನೈದು ತಿಂಗಳು ಹಳೆಯ ದಾರಿ ಮುಚ್ಚಿರಲಿಲ್ಲ. ವಿಜಯಾ ಬ್ಯಾಂಕಿನ ಗುರುತುಗಳು 2021ರ ಫೆಬ್ರವರಿ ಕೊನೆಯವರೆಗೆ, ಅಂದರೆ ಇಪ್ಪತ್ತಮೂರು ತಿಂಗಳು ನಡೆದವು. ಪಿಂಚಣಿದಾರರು, ದುಬೈಯಿಂದ ಹಣ ಕಳುಹಿಸುವ ಮಕ್ಕಳು, ಸಂಬಳ ಕೊಡುವ ಕಚೇರಿಗಳು ತಮ್ಮ ಪಟ್ಟಿ ತಿದ್ದಿಕೊಳ್ಳಲು ಅಷ್ಟು ಕಾಲ ಬೇಕಾಯಿತು. ಹೊಸ ಸೇತುವೆ ಕಟ್ಟಿದ ದಿನವೇ ಹಳೆಯ ದೋಣಿ ಒಡೆಯಬಾರದು ಎಂಬುದು ಇಲ್ಲಿನ ಮೊದಲ ಪಾಠ.

ಮೂರು ಊರುಗಳ ಪರೀಕ್ಷೆ

ಈಗ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ. ಉಡುಪಿಯ ಒಂದು ಸಂಸ್ಥೆ ಮಕ್ಕಳಿಗೆ ಪುಸ್ತಕದ ನೆರವು ಕೊಡುತ್ತದೆ ಎಂದಿಟ್ಟುಕೊಳ್ಳಿ. ಅರ್ಜಿಗಳು ಕಂಪ್ಯೂಟರಿಗೆ ಬರುತ್ತವೆ. ಮೊದಲು ಕುಂದಾಪುರ ತಾಲೂಕಿನವು ಕುಂದಾಪುರದ ಮೇಜಿಗೆ, ಉಡುಪಿ ತಾಲೂಕಿನವು ಉಡುಪಿಯ ಮೇಜಿಗೆ ಹೋಗುತ್ತಿದ್ದವು. 2018ರಲ್ಲಿ ಬೈಂದೂರು, ಬ್ರಹ್ಮಾವರ ಹೊಸ ತಾಲೂಕುಗಳಾದವು. ಬೈಂದೂರು ಒಡೆದದ್ದು ಕುಂದಾಪುರದಿಂದ, ಬ್ರಹ್ಮಾವರ ಉಡುಪಿಯಿಂದ. ಹೊಸ ಮೇಜುಗಳಿಗೆ ಅರ್ಜಿ ಹಂಚುವಂತೆ ನಿಯಮ ಬದಲಿಸುವ ಕೆಲಸ ನಿಮ್ಮ ಪಾಲಿಗೆ ಬಂದಿದೆ. ನೀವು ಬರೆಯುವ ನಿಯಮ ಬಹುಶಃ ಹೀಗಿರುತ್ತದೆ:

ಒಂದು, ವಿಳಾಸದಲ್ಲಿ ಕುಂದಾಪುರ ಎಂದಿದ್ದರೆ ಕುಂದಾಪುರದ ಮೇಜಿಗೆ. ಎರಡು, ಬೈಂದೂರು ಎಂದಿದ್ದರೆ ಬೈಂದೂರಿಗೆ. ಮೂರು, ಬ್ರಹ್ಮಾವರ ಎಂದಿದ್ದರೆ ಬ್ರಹ್ಮಾವರಕ್ಕೆ. ನಾಲ್ಕು, ಉಳಿದದ್ದೆಲ್ಲ ಉಡುಪಿಗೆ.

ನೋಡಲು ಎಷ್ಟು ಚೆಂದ! ಕುಂದಾಪುರದ ಒಂದು ಅರ್ಜಿ, ಬೈಂದೂರಿನದೊಂದು, ಬ್ರಹ್ಮಾವರದ್ದೊಂದು ಹಾಕಿ ನೋಡಿದರೆ ಮೂರೂ ಸರಿಯಾದ ಕಡೆಗೇ ಹೋಗುತ್ತವೆ. ಇಷ್ಟಕ್ಕೆ ನಿಲ್ಲಿಸಿದರೆ ನಿಲ್ಲಿಸಿದವನಿಗೆ ನೆಮ್ಮದಿ, ಅರ್ಜಿದಾರನಿಗೆ ಅಲ್ಲ. ನಿಯಮ ಎಲ್ಲಿ ಸರಿಹೋಗುತ್ತದೆ ಎಂದು ಹುಡುಕುವುದು ಪರೀಕ್ಷೆಯಲ್ಲ. ಎಲ್ಲಿ ತಪ್ಪುತ್ತದೆ ಎಂದು ಹುಡುಕುವುದು ಪರೀಕ್ಷೆ.

ಕಾರ್ಡಿನಷ್ಟಗಲದ ಹತ್ತು ಕಾಗದದ ಚೂರು ತೆಗೆದುಕೊಳ್ಳಿ. ಪ್ರತಿಯೊಂದರ ಮೇಲೂ ಒಂದು ಕಲ್ಪಿತ ಅರ್ಜಿ ಬರೆಯಿರಿ. ಹಿಂಬದಿಯಲ್ಲಿ, ಅದು ಯಾವ ಮೇಜಿಗೆ ಹೋಗಬೇಕು ಎಂಬ ಉತ್ತರವನ್ನು ಮೊದಲೇ ಬರೆದಿಡಿ. ಈ 'ಮೊದಲೇ' ಎಂಬುದು ಮುಖ್ಯ. ಕಂಪ್ಯೂಟರು ಉತ್ತರ ಕೊಟ್ಟ ಮೇಲೆ ಬರೆಯಲು ಕುಳಿತರೆ ನಮ್ಮ ಮನಸ್ಸು ಅದಕ್ಕೇ ತಲೆಯಾಡಿಸುತ್ತದೆ.

ಮೊದಲ ಕಾರ್ಡು: ಶಿರೂರಿನ ಹುಡುಗ. 2018ಕ್ಕಿಂತ ಹಿಂದಿನ ಪ್ರಮಾಣಪತ್ರ ನೋಡಿ "ಕುಂದಾಪುರ ತಾಲೂಕು" ಎಂದೇ ತುಂಬಿದ್ದಾನೆ. ಶಿರೂರು ಈಗ ಬೈಂದೂರು ತಾಲೂಕಿನಲ್ಲಿದೆ. ನಿಮ್ಮ ನಿಯಮ ಅವನನ್ನು ಕುಂದಾಪುರಕ್ಕೆ ಕಳುಹಿಸುತ್ತದೆ.

ಎರಡನೆಯದು: ಉಪ್ಪುಂದದ ಹುಡುಗಿ. ಜಾಗ್ರತೆಯಿಂದ "ಬೈಂದೂರು ತಾಲೂಕು, ಹಿಂದಿನ ಕುಂದಾಪುರ ತಾಲೂಕು" ಎಂದು ಬರೆದಿದ್ದಾಳೆ. ಎರಡೂ ಹೆಸರಿವೆ. ಮೊದಲ ನಿಯಮವೇ ಅವಳನ್ನು ಹಿಡಿದುಕೊಂಡು ಕುಂದಾಪುರಕ್ಕೆ ಎಳೆಯುತ್ತದೆ. ಎರಡನೆಯ ನಿಯಮದ ಸರದಿಯೇ ಬರುವುದಿಲ್ಲ. ನಿಯಮಗಳ ಮಾತು ಸರಿಯಿದ್ದರೂ ಅವು ನಿಂತ ಸಾಲು ತಪ್ಪಿದರೆ ಫಲ ತಪ್ಪುತ್ತದೆ.

ಮೂರನೆಯದು: ಕೋಟದ ಹುಡುಗ. ಹಳೆಯ ಕಾಗದದಲ್ಲಿ ಉಡುಪಿ ತಾಲೂಕು. ಈಗ ಬ್ರಹ್ಮಾವರ ತಾಲೂಕು. ವಿಧಾನಸಭಾ ಕ್ಷೇತ್ರ ಕುಂದಾಪುರ. ಅವನು ಯಾವ ಸಾಲಿನಲ್ಲಿ ಯಾವುದನ್ನು ತುಂಬಿದ್ದಾನೋ ಅದರಂತೆ ಮೂರು ದಿಕ್ಕಿಗೆ ಹೋಗಬಲ್ಲ.

ನಾಲ್ಕನೆಯದು: ಕಾಗುಣಿತ. ಇಂಗ್ಲಿಷಿನಲ್ಲಿ ಬರೆಯುವಾಗ ಕುಂದಾಪುರ, ಕುಂದಾಪುರ್, ಬ್ರಿಟಿಷರ ಕಾಲದ ಕೂಂದಾಪೂರ್ ಎಲ್ಲವೂ ಚಲಾವಣೆಯಲ್ಲಿವೆ. ಬ್ರಹ್ಮಾವರದ ಕೊನೆಯ 'ಎ' ಒಬ್ಬರಲ್ಲಿ ಇದೆ, ಇನ್ನೊಬ್ಬರಲ್ಲಿ ಇಲ್ಲ. ಬೈಂದೂರಿಗೆ ಕೆಲವರು 'ವೈ' ಹಾಕಿದರೆ ಕೆಲವರು 'ಐ'. ಮನುಷ್ಯನಿಗೆ ಎಲ್ಲ ಒಂದೇ. ಯಂತ್ರಕ್ಕೆ ಎಲ್ಲ ಬೇರೆ.

ಐದನೆಯದು: ಕುಂದಾಪುರದ ಕಾಲೇಜಿನಲ್ಲಿ ಓದುವ ಭಟ್ಕಳದ ಹುಡುಗಿ. ಅವಳ ಮನೆ ಉತ್ತರ ಕನ್ನಡ ಜಿಲ್ಲೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ಮನೆಯೋ ಕಾಲೇಜೋ? ಇದಕ್ಕೆ ನಿಯಮದಲ್ಲಿ ಉತ್ತರವೇ ಇಲ್ಲ. ಇದು ಕಂಪ್ಯೂಟರಿನವನು ತೀರ್ಮಾನಿಸುವ ವಿಷಯವೂ ಅಲ್ಲ. ಸಂಸ್ಥೆಯವರನ್ನು ಕೇಳಿ, ಅವರ ಉತ್ತರವನ್ನು ಬರೆದಿಡಬೇಕು.

"ಊರಿನ ಹೆಸರು ಬೇಡ, ಪಿನ್‌ಕೋಡ್ ನೋಡಿ ವಿಂಗಡಿಸಿದರಾಯಿತು" ಎಂದು ಜಾಣ ವಿದ್ಯಾರ್ಥಿ ಹೇಳಿಯಾನು. 576 ಎಂದು ಆರಂಭವಾದರೆ ಉಡುಪಿ ಜಿಲ್ಲೆ ಎಂಬುದು ಅವನ ನಿಯಮ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರರಲ್ಲೂ ಗೆಲ್ಲುತ್ತದೆ. ಆದರೆ ಇದೇ ಉಡುಪಿ ಜಿಲ್ಲೆಯ ಕಾರ್ಕಳದ ಪಿನ್ 574104, ಕಾಪುವಿನದು 574106. ಪಿನ್ ಹುಟ್ಟಿದ್ದು 1972ರಲ್ಲಿ, ಉಡುಪಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಒಂದರ ಗಡಿ ಇನ್ನೊಂದಕ್ಕೆ ಹೊಂದಬೇಕೆಂದು ಯಾರೂ ಮಾತು ಕೊಟ್ಟಿಲ್ಲ.

ಇನ್ನೂ ಸೊಗಸಾದ ಉದಾಹರಣೆ ಲೋಕಸಭೆಯದು. "ಉಡುಪಿ ಜಿಲ್ಲೆಯಾದರೆ ಉಡುಪಿ-ಚಿಕ್ಕಮಗಳೂರು ಕ್ಷೇತ್ರ" ಎಂಬ ನಿಯಮವನ್ನು ಬ್ರಹ್ಮಾವರದಲ್ಲಿ ಪರೀಕ್ಷಿಸಿ, ಸರಿ. ಕುಂದಾಪುರ ಪೇಟೆಯಲ್ಲಿ ಪರೀಕ್ಷಿಸಿ, ಸರಿ. ಬೈಂದೂರಿಗೆ ಬನ್ನಿ, ತಪ್ಪು! ಬೈಂದೂರು ವಿಧಾನಸಭಾ ಕ್ಷೇತ್ರ ಸೇರಿರುವುದು ಘಟ್ಟದ ಮೇಲಿನ ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ. ಎರಡು ಊರು ನೋಡಿ ಮೂರನೆಯದು ಹಾಗೆಯೇ ಎಂದುಕೊಂಡವನು ಇಲ್ಲಿ ಎಡವುತ್ತಾನೆ. ಪರೀಕ್ಷೆಗೆ ಆರಿಸಿಕೊಳ್ಳಬೇಕಾದ್ದು ನಡುವಿನ ಊರನ್ನಲ್ಲ, ಅಂಚಿನ ಊರನ್ನು.

'ಉಳಿದದ್ದೆಲ್ಲ' ಎಂಬ ಬಾವಿ

ನಾಲ್ಕನೆಯ ನಿಯಮಕ್ಕೆ ಮರಳೋಣ: ಉಳಿದದ್ದೆಲ್ಲ ಉಡುಪಿಗೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ ಸಾಲು ಇದು. ಕಾಗುಣಿತ ತಪ್ಪಿದ್ದು, ವಿಳಾಸ ಬಿಟ್ಟುಹೋದದ್ದು, ಬೇರೆ ಜಿಲ್ಲೆಯದ್ದು ಎಲ್ಲವನ್ನೂ ಸದ್ದಿಲ್ಲದೆ ನುಂಗುತ್ತದೆ. ಉಡುಪಿಯ ಮೇಜಿನವರು "ಇದು ನಮ್ಮದಲ್ಲ" ಎಂದು ಬದಿಗಿಡುತ್ತಾರೆ. ಅರ್ಜಿ ಹಾಕಿದ ಮಗು ಕಾಯುತ್ತಾ ಕೂರುತ್ತದೆ. ಎಲ್ಲೂ ದೋಷದ ಗಂಟೆ ಬಾರಿಸುವುದಿಲ್ಲ.

ಸರಿಯಾದ ಸಾಲು ಹೀಗಿರಬೇಕು: ಉಡುಪಿ ಎಂದು ಸ್ಪಷ್ಟವಾಗಿದ್ದರೆ ಉಡುಪಿಗೆ, ಯಾವುದಕ್ಕೂ ಹೊಂದದ್ದು ಅಥವಾ ಎರಡಕ್ಕೆ ಹೊಂದುವುದು, ಮನುಷ್ಯ ಕೈಯಿಂದ ನೋಡುವ ಬೇರೆ ಪೆಟ್ಟಿಗೆಗೆ. ಆ ಪೆಟ್ಟಿಗೆಯನ್ನು ದಿನಾ ತೆರೆಯುವವರು ಯಾರು ಎಂದು ಹೆಸರು ಸಮೇತ ಬರೆದಿರಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪುವ ನಿಯಮವೇ ಒಳ್ಳೆಯ ನಿಯಮ.

ಹಳೆಯದು, ಹೊಸದು, ಪಕ್ಕಪಕ್ಕ

ಕಾರ್ಡುಗಳೆಲ್ಲ ಗೆದ್ದ ಮೇಲೆ ಎರಡನೆಯ ಹಂತ. ಹಿಂದಿನ ವರ್ಷದ ನೂರು ಅರ್ಜಿಗಳ ನಕಲು ತೆಗೆದುಕೊಳ್ಳಿ. ಮೂಲವನ್ನಲ್ಲ, ನಕಲನ್ನು. ಅದರಲ್ಲಿ ಹೆಸರು, ಆಧಾರ್, ದೂರವಾಣಿ ಸಂಖ್ಯೆಗಳನ್ನು ಅಳಿಸಿಬಿಡಿ. ದಾರಿ ಪರೀಕ್ಷಿಸಲು ಅವು ಬೇಡ. ಹಾಗೆಯೇ ಪರೀಕ್ಷೆಯ ಯಂತ್ರದಿಂದ ಹೊರಗೆ ಸಂದೇಶ ಹೋಗುವ ಬಾಗಿಲನ್ನು ಮುಚ್ಚಿ. ಇಲ್ಲವಾದರೆ "ನಿಮ್ಮ ಅರ್ಜಿ ವರ್ಗಾವಣೆಯಾಗಿದೆ" ಎಂಬ ಎಸ್ಸೆಮ್ಮೆಸ್ ನೂರು ಮನೆಗಳಿಗೆ ಹೋಗಿ, ಮರುದಿನ ನೂರು ತಂದೆತಾಯಿಯರು ಕಚೇರಿಯ ಮುಂದೆ ನಿಂತಿರುತ್ತಾರೆ.

ಆ ನೂರನ್ನು ಹಳೆಯ ನಿಯಮದಲ್ಲಿ ಒಮ್ಮೆ, ಹೊಸ ನಿಯಮದಲ್ಲಿ ಒಮ್ಮೆ ಹರಿಸಿ. ಎರಡರ ನಡುವೆ ಸ್ಥಾನ ಬದಲಿಸಿದವನ್ನು ಮಾತ್ರ ಪಟ್ಟಿ ಮಾಡಿ. ಇಪ್ಪತ್ತೈದು ಬದಲಾಗಿದ್ದರೆ ಇಪ್ಪತ್ತೈದನ್ನೂ ಊರು ಬಲ್ಲ ಒಬ್ಬರ ಬಳಿ ಓದಿಸಿ. ನಿವೃತ್ತ ಶಿಕ್ಷಕರಾದರೂ ಸರಿ, ಅಂಚೆಯವರಾದರೂ ಸರಿ. "ಇದು ಹೋಗಬೇಕಾದ್ದೇ, ಇದು ಹೋಗಬಾರದಿತ್ತು" ಎಂದು ಅವರು ಹತ್ತು ನಿಮಿಷದಲ್ಲಿ ಹೇಳುತ್ತಾರೆ. ಬದಲಾಗಬೇಕಿದ್ದರೂ ಬದಲಾಗದೆ ಉಳಿದ ಶಿರೂರಿನಂಥವನ್ನೂ ಒಮ್ಮೆ ಕಣ್ಣಾಡಿಸಲು ಹೇಳಿ.

ಆಮೇಲೆ ಕೂಡಿಸಿ. ನೂರು ಒಳಹೋದರೆ ಎಲ್ಲ ಪೆಟ್ಟಿಗೆಗಳಲ್ಲಿ ಸೇರಿ ನೂರೇ ಇರಬೇಕು. ತೊಂಬತ್ತೆಂಟು ಇದ್ದರೆ ಎರಡು ಕಳೆದಿವೆ. ನೂರಾ ಒಂದು ಇದ್ದರೆ ಒಂದು ಎರಡು ಕಡೆ ಹೋಗಿದೆ. ನಾವು ಕ್ಯಾಷ್ ಕೌಂಟರಿನಲ್ಲಿ ಸಂಜೆ ಲೆಕ್ಕ ತಾಳೆ ಹಾಕದೆ ಮನೆಗೆ ಹೋಗುತ್ತಿರಲಿಲ್ಲ. ಒಂದು ರೂಪಾಯಿ ಹೆಚ್ಚಾದರೂ ಹುಡುಕುತ್ತಿದ್ದೆವು, ಕಡಿಮೆಯಾದರೂ ಹುಡುಕುತ್ತಿದ್ದೆವು. ಮಾಹಿತಿಗೂ ಅದೇ ಶಿಸ್ತು.

ಪರೀಕ್ಷೆಯನ್ನೂ ಪರೀಕ್ಷಿಸಬೇಕು

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಬ್ರಿಟನ್ನಿನ ಟಿಎಸ್‌ಬಿ ಎಂಬ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಸುಮಾರು ಐವತ್ತೆರಡು ಲಕ್ಷ ಗ್ರಾಹಕರ ಮಾಹಿತಿಯನ್ನು ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಒಂದೇ ವಾರಾಂತ್ಯದಲ್ಲಿ ಸಾಗಿಸಿತು. ಸೋಮವಾರ ಲಕ್ಷಾಂತರ ಜನರಿಗೆ ತಮ್ಮ ಖಾತೆಯ ಬಾಗಿಲು ತೆರೆಯಲಿಲ್ಲ. ಕೆಲವರಿಗೆ ಬೇರೆಯವರ ಖಾತೆ ಕಂಡಿತು. ನಂತರದ ತನಿಖೆಯಲ್ಲಿ ಹೊರಬಿದ್ದ ಒಂದು ಸಂಗತಿ: ಎರಡು ದತ್ತಾಂಶ ಕೇಂದ್ರಗಳಲ್ಲಿ ಒಂದರಲ್ಲಿ ಮಾತ್ರ ಭಾರದ ಪರೀಕ್ಷೆ ನಡೆದಿತ್ತು. ಎರಡನೆಯದೂ ಹಾಗೆಯೇ ಎಂಬುದು ನಂಬಿಕೆಯಾಗಿತ್ತು. 2022ರ ಡಿಸೆಂಬರಿನಲ್ಲಿ ನಿಯಂತ್ರಕರು 4.8 ಕೋಟಿ ಪೌಂಡಿಗೂ ಹೆಚ್ಚಿನ ದಂಡ ವಿಧಿಸಿದರು.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆಪ್ ಸುಮಾರು ಆರು ಗಂಟೆ ಸ್ತಬ್ಧವಾದದ್ದು ನಿಮಗೆ ನೆನಪಿರಬಹುದು. ನಿರ್ವಹಣೆಯ ಹೊತ್ತಿನಲ್ಲಿ ಕೊಟ್ಟ ಒಂದು ಆಜ್ಞೆ ಅವರ ಜಾಲದ ದಾರಿಗಳನ್ನೆಲ್ಲ ಕಡಿದುಹಾಕಿತು. ಅಂಥ ಆಜ್ಞೆಯನ್ನು ತಡೆಯಲೆಂದೇ ಒಂದು ತಪಾಸಣೆಯ ತಂತ್ರಾಂಶ ಇತ್ತು. ಅದರಲ್ಲೇ ದೋಷವಿತ್ತು! ಕಾವಲುಗಾರ ಎಚ್ಚರವಿದ್ದಾನೋ ಎಂದು ತಿಳಿಯಬೇಕಾದರೆ ಒಮ್ಮೆ ಕಳ್ಳನ ವೇಷ ಹಾಕಿ ನೋಡಬೇಕು. ಬೇಕೆಂದೇ ಒಂದು ತಪ್ಪು ನಿಯಮ ಬರೆದು ನಿಮ್ಮ ತಪಾಸಣೆಗೆ ಕೊಡಿ. ಅದು ಕೂಗದಿದ್ದರೆ, ಇಷ್ಟು ದಿನ ಅದು ಹೇಳಿದ "ಸರಿ"ಗೆ ಬೆಲೆ ಇಲ್ಲ.

ಹಣ ಹೋದರೆ ಮರಳಿ ಬಂದೀತು. ದಾರಿ ತಪ್ಪಿದ್ದು ರೈಲಾದರೆ? 2023ರ ಫೆಬ್ರವರಿ 8ರಂದು ನಮ್ಮ ರಾಜ್ಯದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಿಗ್ನಲ್ ಒಂದು ದಾರಿ ಹೇಳುತ್ತಿದ್ದರೆ ಹಳಿ ಇನ್ನೊಂದು ದಾರಿಗೆ ತಿರುಗಿತ್ತು. ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸಿನ ಚಾಲಕರು ಅದನ್ನು ಕಂಡು ರೈಲು ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು. ಇದನ್ನು ಗಂಭೀರವಾಗಿ ಪರಿಗಣಿಸಬೇಕೆಂದು ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿ ಪತ್ರವನ್ನೂ ಬರೆದರು. ನಾಲ್ಕು ತಿಂಗಳೂ ಕಳೆಯಲಿಲ್ಲ. ಜೂನ್ 2ರಂದು ಒಡಿಶಾದ ಬಾಲಸೋರ್ ಬಳಿ 290ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಲ್ಲೂ ಸಿಗ್ನಲ್ ತೋರಿಸಿದ ದಾರಿಯೇ ಬೇರೆ, ಹಳಿ ಹಿಡಿದ ದಾರಿಯೇ ಬೇರೆ. ಸಿಗ್ನಲ್ ತಂತಿಗಳಲ್ಲಿ ಹಿಂದೆ ಮಾಡಿದ ಬದಲಾವಣೆಯ ಲೋಪ ಸರಿಯಾಗಿ ದಾಖಲಾಗದೆ, ಮುಂದಿನ ಕೆಲಸದಲ್ಲಿ ಅಪಘಾತಕ್ಕೆ ಕಾರಣವಾಯಿತೆಂದು ತನಿಖೆ ಹೇಳಿತು. ಕಾಗದದ ಮೇಲಿನ ನಕ್ಷೆಯೂ ನೆಲದ ಮೇಲಿನ ತಂತಿಯೂ ಒಂದೇ ಎಂದು ಕಣ್ಣಾರೆ ನೋಡುವ ತನಕ ನಂಬಬಾರದು.

ಸ್ವಲ್ಪ ಹರಿಸಿ ನೋಡಿ

ಕಾರ್ಡು, ನಕಲು ಎರಡೂ ದಾಟಿದ ಮೇಲೆ ನಿಜವಾದ ಅರ್ಜಿಗಳ ಸರದಿ. ಆಗಲೂ ಎಲ್ಲವನ್ನೂ ಒಮ್ಮೆಗೇ ಬಿಡಬಾರದು. ಮೊದಲು ಹತ್ತು ಅರ್ಜಿ ಬಿಡಿ, ಕೊನೆಯ ಮೇಜಿನವರೆಗೆ ಹೋಗಿ ತಲುಪಿದ್ದನ್ನು ನೋಡಿಕೊಂಡು ಬನ್ನಿ. ಬಳಿಕ ಒಂದು ಊರು, ಬಳಿಕ ಉಳಿದವು. ಯಾವ ಚಿಹ್ನೆ ಕಂಡರೆ ಹಿಂದಿರುಗುತ್ತೇವೆ ಎಂದು ಮೊದಲೇ ಬರೆದಿಡಿ. ಹಳೆಯ ನಿಯಮವನ್ನು ದಿನಾಂಕ ಹಾಕಿ ಜೋಪಾನವಾಗಿಡಿ. ಹಿಂದಿರುಗುವ ದಾರಿಯನ್ನೂ ಒಮ್ಮೆ ನಡೆದು ನೋಡಿರಿ. ಅರ್ಜಿಯ ಕೊನೆಯ ದಿನಾಂಕ ಇರುವ ವಾರದಲ್ಲಿ, ಅಥವಾ ಮರುದಿನ ರಜೆ ಇರುವ ಸಂಜೆ, ಬದಲಾವಣೆಗೆ ಕೈ ಹಾಕಬೇಡಿ.

ಹಳೆಯ ದಾರಿಯಲ್ಲಿ ಬಂದವನಿಗೆ ಗೋಡೆ ಸಿಗಬಾರದು, ಉತ್ತರ ಸಿಗಬೇಕು. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕೆಂಬ ನಿಯಮ ಬಂತು. ಮರೆತು ಹಳೆಯ ರೀತಿಯಲ್ಲಿ ಒತ್ತಿದವರಿಗೆ "ಸೊನ್ನೆ ಸೇರಿಸಿ" ಎಂದು ಹೇಳುವ ಧ್ವನಿಯ ಏರ್ಪಾಡನ್ನೂ ಮಾಡಿದ್ದರು. ಸಣ್ಣ ಏರ್ಪಾಡು, ದೊಡ್ಡ ಉಪಕಾರ.

ಮನೆಯವರು ಮಾಡಬೇಕಾದ್ದು

ಕಂಪ್ಯೂಟರಿನವರು ತಮ್ಮ ಕೆಲಸ ಮಾಡಲಿ. ತಂದೆತಾಯಿಯರೂ ಮಕ್ಕಳೂ ಮಾಡಬಹುದಾದ ತಪಾಸಣೆಯೂ ಉಂಟು. ಆಧಾರ್ ಮೂಲಕ ಬರುವ ಸರಕಾರಿ ಹಣ ಐಎಫ್‌ಎಸ್‌ಸಿಯನ್ನು ನೋಡುವುದಿಲ್ಲ. ರಾಷ್ಟ್ರೀಯ ಪಾವತಿ ನಿಗಮದ ಬಳಿ ಒಂದು ಪಟ್ಟಿ ಇದೆ. ಅದರಲ್ಲಿ ಆಧಾರ್ ಸಂಖ್ಯೆಯ ಎದುರು ಒಂದು ಬ್ಯಾಂಕಿನ ಗುರುತು ಮಾತ್ರ ಇರುತ್ತದೆ. ಹಣ ಆ ಬ್ಯಾಂಕಿಗೆ ಹೋಗುತ್ತದೆ. ಯಾವ ಖಾತೆ ಎಂಬುದನ್ನು ಬ್ಯಾಂಕು ನೋಡಿಕೊಳ್ಳುತ್ತದೆ. ನೀವು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು, ಸರಕಾರಿ ಹಣ ಇಲ್ಲಿಗೇ ಬರಲಿ ಎಂಬ ಸಾಲಿಗೆ ಗುರುತು ಹಾಕಿದರೆ ಹಳೆಯ ಗುರುತು ಅಳಿದು ಹೊಸದು ಬರುತ್ತದೆ. ಬರೀ ಗುರುತಿನ ದಾಖಲೆಯಾಗಿ ಆಧಾರ್ ಕೊಡುವುದು ಬೇರೆ, ಈ ಪಟ್ಟಿಗೆ ಸೇರಿಸುವುದು ಬೇರೆ. ಎಲ್ಲ ಪಾಸ್‌ಬುಕ್ಕಿಗೂ ಆಧಾರ್ ಕೊಟ್ಟಿದ್ದೇನೆ ಎಂದ ಮಾತ್ರಕ್ಕೆ ಹಣ ಎಲ್ಲಿಗೆ ಬರುತ್ತದೆ ಎಂದು ತಿಳಿಯದು.

ಆದ್ದರಿಂದ ಅರ್ಜಿ ತುಂಬುವ ಮೊದಲೇ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ, ಅಥವಾ ಬ್ಯಾಂಕಿನಲ್ಲೇ ಕೇಳಿ, ಈಗ ಯಾವ ಬ್ಯಾಂಕು ಜೋಡಣೆಯಾಗಿದೆ ಎಂದು ನೋಡಿಕೊಳ್ಳಿ. ಹೊಸ ಖಾತೆ ತೆರೆಯುವಾಗ ಗುರುತು ಹಾಕುವ ಚೌಕಗಳನ್ನು ಓದಿ, ಓದಿಸಿ. ಅದೇ ರೀತಿ ಹಾಸ್ಟೆಲಿಗೋ ಕಾಲೇಜಿಗೋ ದೊಡ್ಡ ಮೊತ್ತ ಕಳುಹಿಸುವ ಮೊದಲು ಒಂದು ರೂಪಾಯಿ ಕಳುಹಿಸಿ, ತಲುಪಿತೇ ಎಂದು ಕೇಳಿ. ನೆಫ್ಟ್‌ನಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ, ಹೆಸರಿನ ಮೇಲಲ್ಲ. ಹಣ ಬಿಡುವ ಮೊದಲೇ ಪಡೆಯುವವರ ಹೆಸರು ಕಾಣುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿತು. ಆ ಹೆಸರನ್ನು ಓದದೆ ಮುಂದೊತ್ತುವುದು ತೋಡಿನ ಆಳ ನೋಡದೆ ಕಾಲಿಟ್ಟಂತೆ.

ನಮ್ಮ ಕೇರಿಯ ಹುಡುಗಿಯ ಹಣ ಸಿಕ್ಕಿತು. ಮರೆತ ಖಾತೆಯನ್ನು ಚಾಲ್ತಿ ಮಾಡಿಸಲು ಎರಡು ದಿನ, ಬಳೆ ಬಿಡಿಸಿಕೊಳ್ಳಲು ಇನ್ನೊಂದು ದಿನ ಹಿಡಿಯಿತು. ನಾಲ್ಕು ತಿಂಗಳ ಬಡ್ಡಿ ಮಾತ್ರ ಯಾರಿಂದಲೂ ಮರಳಿ ಬರಲಿಲ್ಲ. ಅವಳು ಈಗ ಓದುತ್ತಿರುವುದು ಕಂಪ್ಯೂಟರ್ ವಿಜ್ಞಾನವನ್ನೇ. ಮೊನ್ನೆ ಬಂದಾಗ ಕೈಯಲ್ಲಿ ಹತ್ತು ಕಾಗದದ ಚೂರುಗಳಿದ್ದವು. ಮೊದಲನೆಯದರ ಮೇಲೆ ತನ್ನದೇ ಕಥೆ ಬರೆದಿದ್ದಳು: ಎರಡು ಬ್ಯಾಂಕು, ಒಂದು ಆಧಾರ್. ಹಿಂಬದಿಯಲ್ಲಿ ಉತ್ತರ ಮೊದಲೇ ಬರೆದಿಟ್ಟಿದ್ದಳು: "ಕಳುಹಿಸುವ ಮೊದಲು ಕೇಳಿ."